ಸೀಲಿನ ಬೆಲೆ ಬೇರೆ, ಕೆಲಸದ ಬೆಲೆ ಬೇರೆ

“ಒಂದು ರಬ್ಬರ್ ಸೀಲ್ ಹಾಕೋದಕ್ಕ ಇಷ್ಟು ರೊಕ್ಕಾನ?” ಗ್ಯಾರೇಜುಗಳಲ್ಲಿ ದಿನಾ ಕೇಳಿಬರುವ ಮಾತಿದು. ನನ್ನ ಚಾಚಾ ಚಿಕ್ಕೋಡಿಯಲ್ಲಿ ಹಳೆಯ ಜೀಪು, ಪಿಕಪ್ ರಿಪೇರಿ ಮಾಡುತ್ತಾರೆ. ಹೀಗೆ ಕೇಳಿದವರಿಗೆ ಅವರು ಉತ್ತರ ಕೊಡುವುದಿಲ್ಲ, ನಕ್ಕು ನೂರಿನ್ನೂರು ಕಡಿಮೆ ಮಾಡಿಬಿಡುತ್ತಾರೆ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಈ ಪ್ರಶ್ನೆಗೆ ಉತ್ತರವಿದೆ ಅನಿಸುತ್ತದೆ.

ಮೊದಲು ವಿಷಯ ತಿಳಿಯೋಣ. ನಾಲ್ಕೂ ಚಕ್ರಗಳಿಗೆ ಎಳೆತವಿರುವ ಹಳೆಯ ಮಹೀಂದ್ರಾ ಜೀಪು, ಪಿಕಪ್‌ಗಳಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವುದು ಅದರ ಕೆಲಸ. ಈಗ ರಸ್ತೆಯಲ್ಲಿ ಕಾಣುವ ಬಹುಪಾಲು ಪಿಕಪ್‌ಗಳಲ್ಲಿ ಇದು ಇಲ್ಲ. ಆದರೆ ಕೃಷ್ಣಾ, ದೂಧಗಂಗಾ ದಂಡೆಯ ಕರಿಮಣ್ಣಿನಲ್ಲಿ ಮಳೆಗಾಲದಲ್ಲಿ ಹೊಲಕ್ಕೆ ಹೋಗಿಬರಬೇಕಾದವರು ಇಂಥ ಹಳೆಯ ಗಾಡಿಯನ್ನು ಮಾರಲು ಮನಸ್ಸು ಮಾಡುವುದಿಲ್ಲ.

ಹಳೆಯದಾದ ಮೇಲೆ ಅದು ಸೋರುತ್ತದೆ. ನಿಮಿಷಕ್ಕೆ ಒಂದೇ ಹನಿ ಎಂದುಕೊಳ್ಳಿ. ದಿನಕ್ಕೆ 1,440 ಹನಿ. 30 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 48 ಮಿಲಿಲೀಟರ್, ತಿಂಗಳಿಗೆ 1,440 ಮಿಲಿಲೀಟರ್. ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸ್ ಹಿಡಿಯುವ ಎಣ್ಣೆಯೇ ಸುಮಾರು ಒಂದೂವರೆ ಲೀಟರ್! ಅಂದರೆ ಅಂಗಳದಲ್ಲಿ ಬೀಳುವ ಆ ಸಣ್ಣ ಕಲೆಯನ್ನು ಕಡೆಗಣಿಸಿದರೆ ಒಂದೆರಡು ತಿಂಗಳಲ್ಲಿ ಬೇರಿಂಗ್, ಗೇರುಗಳು ಒಣಗಿ ತಿರುಗುತ್ತವೆ.

ಇನ್ನು ಕೆಲಸಕ್ಕೆ ಬರೋಣ. ಹೊರಗಿನ ಸೀಲ್ ಮಾತ್ರ ಹೋಗಿದ್ದರೆ ಕೇಸ್ ಇಳಿಸದೆಯೇ ಬದಲಿಸಬಹುದು. ಜೋಡಣೆಯಲ್ಲೇ ಸೋರುತ್ತಿದ್ದರೆ ಎಣ್ಣೆ ತೆಗೆದು, ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬಿಚ್ಚಿ ಕೇಸನ್ನು ಇಳಿಸಬೇಕು. ಒಳಗಿನ ತೆಳ್ಳಗಿನ ಶಿಮ್‌ಗಳು ಎಲ್ಲಿದ್ದವೋ ಅಲ್ಲಿಗೇ ಮರಳಬೇಕು, ಇಲ್ಲದಿದ್ದರೆ ಬೇರಿಂಗ್ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಹಳೆಯ ಗ್ಯಾಸ್ಕೆಟನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆದು ತೆಗೆಯಬೇಕು. ಸೀಲಿನ ತುಟಿ ಉಜ್ಜಿ ಉಜ್ಜಿ ಅದು ಕೂರುವ ಲೋಹದ ಮೇಲೆ ಗೆರೆ ಬಿದ್ದಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ. ಬ್ರೀದರ್ ರಂಧ್ರ ಮಣ್ಣು ಕಟ್ಟಿದ್ದರೆ ಬಿಸಿಯಾದಾಗ ಒಳಗಿನ ಒತ್ತಡ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಗಮ್ ಹೆಚ್ಚಾದರೆ ಒಳಗೆ ಉದುರಿ ಎಣ್ಣೆಯ ದಾರಿ ಮುಚ್ಚುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ಹೊಸ ಸೀಲನ್ನು ಸೊಟ್ಟಗಾಗದಂತೆ ಕೂರಿಸುವುದು ಕೊನೆಯ ಹೆಜ್ಜೆ.

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ನಮ್ಮ ನದಿ ದಂಡೆಯ ಊರುಗಳಿಗೆ ಪ್ರವಾಹದ ನೀರು ನುಗ್ಗಿತ್ತು. ನೀರಲ್ಲಿ ಮುಳುಗಿದ ಗಾಡಿಗೆ ಹಾಳಾದ ಸೀಲಿನಿಂದ, ಬ್ರೀದರಿನಿಂದ ನೀರು ಒಳಹೋಗಿ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಎಣ್ಣೆ ಹೊರಬರುವ ದಾರಿಯಲ್ಲೇ ನೀರು ಒಳಬರುತ್ತದೆ.

ಈಗ ಲೆಕ್ಕಶಾಸ್ತ್ರ. ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳುವ ಖರ್ಚು ರೆವೆನ್ಯೂ ವೆಚ್ಚ ಎಂದು ನಾವು ಓದಿದ್ದೇವೆ. ಅದನ್ನು ಮುಂದೂಡಿದರೆ ಲಾಭವಾಗುವುದಿಲ್ಲ, ಖರ್ಚು ದೊಡ್ಡದಾಗಿ ಮುಂದಿನ ವರ್ಷಕ್ಕೆ ಬರುತ್ತದೆ. ಸೀಲ್ ಕೊಂಡುತಂದ ಸಾಮಾನು. ಬಿಚ್ಚುವುದು, ತೊಳೆಯುವುದು, ಪರೀಕ್ಷಿಸುವುದು, ಮತ್ತೆ ಜೋಡಿಸುವುದು ಮಜೂರಿ. ಎರಡನ್ನೂ ಒಂದೇ ಮೊತ್ತವಾಗಿ ಬಾಯಲ್ಲಿ ಹೇಳಿದರೆ ಗಿರಾಕಿಯ ಕಣ್ಣಿಗೆ ರಬ್ಬರ್ ಮಾತ್ರ ಕಾಣುತ್ತದೆ. ಚೌಕಾಶಿಯಲ್ಲಿ ಕಡಿಮೆಯಾಗುವುದು ಸೀಲಿನ ಬೆಲೆಯಲ್ಲ, ಅದನ್ನು ಅಂಗಡಿಗೆ ಕೊಟ್ಟಾಗಿದೆ. ಉಸ್ತಾದನ ಮಜೂರಿ, ಅವನ ಕೈಕೆಳಗಿನ ಹುಡುಗನ ಪಗಾರ ಕಡಿಮೆಯಾಗುತ್ತದೆ. ಆಮೇಲೆ ಅವಸರದಲ್ಲಿ ಗಮ್ ಮೆತ್ತಿ ಕಳಿಸುವವರೇ ಅಗ್ಗದವರಾಗುತ್ತಾರೆ, ಸರಿಯಾಗಿ ಬಿಚ್ಚಿ ನೋಡುವವರು ದುಬಾರಿ ಎನಿಸಿಕೊಳ್ಳುತ್ತಾರೆ.

ಗಿರಾಕಿಯ ಕಷ್ಟವೂ ಸುಳ್ಳಲ್ಲ. ಕಬ್ಬಿನ ಬಿಲ್ಲು ಕೈಗೆ ಬರುವವರೆಗೆ ರೈತನ ಕೈಯಲ್ಲೂ ರೊಕ್ಕ ಇರುವುದಿಲ್ಲ. ಬಿಚ್ಚಿದ ಮೇಲೆ ಮಿಸ್ತ್ರಿ ಹೇಳಿದ್ದೇ ರೇಟು ಎಂಬ ಭಯವೂ ಇದೆ. ಅದಕ್ಕೇ ಬರಹದಲ್ಲಿ ಎಸ್ಟಿಮೇಟ್ ಬೇಕು: ಸಾಮಾನು ಇಷ್ಟು, ಎಣ್ಣೆ ಇಷ್ಟು, ಮಜೂರಿ ಇಷ್ಟು, ಬಿಚ್ಚಿದ ಮೇಲೆ ಬೇರಿಂಗ್ ಹೋಗಿದ್ದರೆ ಫೋನ್ ಮಾಡಿ ಕೇಳುತ್ತೇವೆ. ತೆಗೆದ ಹಳೆಯ ಸಾಮಾನನ್ನು ಮಾಲೀಕನಿಗೆ ತೋರಿಸಬೇಕು. ಇದರಿಂದ ಇಬ್ಬರಿಗೂ ನ್ಯಾಯ.

ನಮ್ಮಲ್ಲಿ ಎಷ್ಟೋ ಜನರ ಅಬ್ಬಾ, ಚಾಚಾ, ಅಣ್ಣಂದಿರು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಗ್ಯಾರೇಜುಗಳಲ್ಲಿದ್ದಾರೆ. ಅವರಿಗೆ ಕೆಲಸ ಗೊತ್ತು, ಬರೆಯಲು ಪುರಸೊತ್ತಿಲ್ಲ. ನಮಗೆ ವೋಚರ್, ಕ್ಯಾಶ್ ಬುಕ್ ಬರೆಯಲು ಬರುತ್ತದೆ, ಆದರೆ ಪರೀಕ್ಷೆಯ ಹೊರಗೆ ಒಂದನ್ನೂ ಬರೆದಿಲ್ಲ. ವಾರಕ್ಕೆ ಒಂದು ಸಂಜೆ ಹೋಗಿ ಒಂದು ಬಿಲ್ ಬುಕ್ ಶುರು ಮಾಡಿಕೊಡೋಣ. ಮಜೂರಿಗೆ ಪ್ರತ್ಯೇಕ ಕಾಲಂ ಇರಲಿ. ಅಕೌಂಟೆನ್ಸಿ ಪ್ರಾಜೆಕ್ಟ್‌ಗೆ ಇಂಥ ಲೆಕ್ಕವನ್ನೂ ಒಪ್ಪಿಕೊಳ್ಳಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿ.