ಬಿಡುವ ಹಕ್ಕು ಬೇಡ, ಕೇಳುವ ಕರ್ತವ್ಯ ಬೇಕು

ಸುರತ್ಕಲ್ಲೂ ಕಾಸರಗೋಡೂ 1956ರ ಅಕ್ಟೋಬರ್ 31ರವರೆಗೆ ಮದರಾಸು ರಾಜ್ಯದ ಒಂದೇ ಜಿಲ್ಲೆಯ ಊರುಗಳು. ಮರುದಿನ ದಕ್ಷಿಣ ಕನ್ನಡ ಜಿಲ್ಲೆ ಮೂರು ಪಾಲಾಯಿತು: ಬಹುಭಾಗ ಮೈಸೂರಿಗೆ, ಕಾಸರಗೋಡು ತಾಲೂಕು ಕೇರಳಕ್ಕೆ, ಅಮೀನ್‌ದಿವಿ ದ್ವೀಪಗಳು ಕೇಂದ್ರಾಡಳಿತಕ್ಕೆ. ರಾಜ್ಯಗಳ ಗಡಿ ಬದಲಿಸಲು ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಕೊಟ್ಟ ಅಧಿಕಾರ ಅಷ್ಟು ದೊಡ್ಡದು.

ಒಕ್ಕೂಟವನ್ನು ಸೇರಲು ನಮ್ಮಲ್ಲಿ ದಾರಿಯಿದೆ. 1975ರಲ್ಲಿ ಸಿಕ್ಕಿಂ ಸೇರಿತು. ಬಿಡಲು ದಾರಿಯಿಲ್ಲ. ಈ ಒಕ್ಕೂಟ ರಾಜ್ಯಗಳ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಎಂದು ಅಂಬೇಡ್ಕರ್ 1948ರಲ್ಲೇ ಸ್ಪಷ್ಟಪಡಿಸಿದ್ದರು. ಸೋವಿಯತ್ ಸಂವಿಧಾನ ಆ ಹಕ್ಕನ್ನು ಕಾಗದದಲ್ಲಿ ಕೊಟ್ಟಿತ್ತು. ಬಿಡುವ ವಿಧಾನದ ಕಾನೂನು ಬಂದದ್ದು ಮಾತ್ರ 1990ರಲ್ಲಿ, ಒಕ್ಕೂಟವೇ ಕುಸಿಯತೊಡಗಿದಾಗ. ಕೆನಡಾದ ಸುಪ್ರೀಂ ಕೋರ್ಟು 1998ರಲ್ಲಿ ನಡುದಾರಿ ಹಿಡಿಯಿತು: ಕ್ವಿಬೆಕ್ ಪ್ರಾಂತ್ಯ ಏಕಪಕ್ಷೀಯವಾಗಿ ಹೊರಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಜನ ಸ್ಪಷ್ಟ ಬಹುಮತದಿಂದ ಹೌದೆಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು.

ನಮ್ಮ ನಿಲುವೇ ಸರಿ ಎನ್ನುವುದಕ್ಕೆ ಕಾಸರಗೋಡೇ ಸಾಕ್ಷಿ. ಎಲ್ಲಿ ಗೆರೆ ಎಳೆದರೂ ಒಂದಷ್ಟು ಜನ ತಮಗೆ ಬೇಡದ ಬದಿಯಲ್ಲಿ ಉಳಿಯುತ್ತಾರೆ. ಅಲ್ಲಿನ ವಿದ್ಯಾರ್ಥಿ, ರೋಗಿ, ವ್ಯಾಪಾರಿ ಇಂದಿಗೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಬರಬಲ್ಲರೆಂದರೆ ಅದು ದೇಶದೊಳಗಿನ ಗೆರೆ ಎಂಬ ಕಾರಣಕ್ಕೆ. ಬಿಡುವ ಹಕ್ಕು ಇದ್ದಲ್ಲಿ ಅಂಥ ಗೆರೆ ಯಾವ ಹೊತ್ತಿಗಾದರೂ ಪರದೇಶದ ಗಡಿಯಾಗಬಹುದು.

ಆದರೆ ಬಿಟ್ಟುಹೋಗಲಾಗದವರನ್ನು ಅತ್ತಿತ್ತ ಸರಿಸುವಾಗ ಕೇಳುವ ಹೊಣೆ ಇನ್ನೂ ಹೆಚ್ಚು. 3ನೇ ವಿಧಿ ಕೇಳುವುದು ರಾಜ್ಯ ಶಾಸಕಾಂಗದ ಅಭಿಪ್ರಾಯ ಮಾತ್ರ. ಅದಕ್ಕೆ ಸಂಸತ್ತು ಬದ್ಧವಲ್ಲ. ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದರೂ 2014ರಲ್ಲಿ ತೆಲಂಗಾಣವಾಯಿತು. ಶಾಸಕಾಂಗಕ್ಕೆ ತಡೆಯುವ ಅಧಿಕಾರ ಕೊಟ್ಟಿದ್ದರೆ ಭಾಷಾವಾರು ರಾಜ್ಯಗಳೇ ಹುಟ್ಟುತ್ತಿದ್ದವೋ ಇಲ್ಲವೋ ಎಂಬ ವಾದದಲ್ಲಿ ಹುರುಳಿದೆ. ಆದರೆ ಮದರಾಸಿನ ಶಾಸಕಾಂಗದ ಮಾತು ಕಾಸರಗೋಡಿನ ಮಾತಾಗುವುದಿಲ್ಲ. ಆಗಿನ ಇಡೀ ತಾಲೂಕಿನಲ್ಲಿ ಮಲಯಾಳಿಗರು ಹೆಚ್ಚಿದ್ದರು. ಹಾಗಿದ್ದೂ ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರಿಗೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿತು. ಆ ವರದಿ ಜಾರಿಯಾಗಲಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಲು ರಾಜ್ಯ ಯತ್ನಿಸಬೇಕೆನ್ನುವ 350ಎ ವಿಧಿ ಬಂದದ್ದೂ 1956ರಲ್ಲೇ. ಯತ್ನ ಎಂಬಷ್ಟರಿಂದ ಭರವಸೆ ಹುಟ್ಟಲಿಲ್ಲ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು.

ಆದ್ದರಿಂದ 3ನೇ ವಿಧಿಗೆ ಎರಡು ಷರತ್ತು ಸೇರಲಿ. ಗಡಿ ಬದಲಾಗುವ ತಾಲೂಕುಗಳ ಪಂಚಾಯಿತಿ, ನಗರಸಭೆಗಳ ಅಭಿಪ್ರಾಯ ಮಸೂದೆಯ ಜೊತೆಗೇ ಸಂಸತ್ತಿನ ಮುಂದೆ ಬರಲಿ. ಅಲ್ಲಿನವರ ಶಾಲೆ, ಕಚೇರಿ, ನೌಕರಿಯ ಭಾಷಾ ಹಕ್ಕುಗಳು ಅದೇ ಕಾಯ್ದೆಯೊಳಗೆ, ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದ ರೂಪದಲ್ಲಿ ಇರಲಿ.