ಅನ್ನ ಜಮೆ ಮಾಡುವ ಬ್ಯಾಂಕು

ಬ್ಯಾಂಕಿನಲ್ಲಿ ಹಣ ಇಡುವುದು ಎಲ್ಲರಿಗೂ ಗೊತ್ತು. ಆಹಾರ ಇಡುವುದು? 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಅಂಥದ್ದೊಂದು ಬ್ಯಾಂಕು ಶುರುವಾಯಿತು.

ಜಾನ್ ವ್ಯಾನ್ ಹೆಂಗಲ್ ಅಲ್ಲಿನ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೇವಾ ಸಂಘದ ಊಟದ ಮನೆಯಲ್ಲಿ ಸ್ವಯಂಸೇವಕರು. ತೋಟಗಳಲ್ಲಿ ಕೊಯ್ಯದೆ ಬಿಟ್ಟ ಹಣ್ಣುಗಳನ್ನು ಕೇಳಿ ತಂದು ಹಸಿದವರಿಗೆ ಕೊಡುತ್ತಿದ್ದರು. ಒಮ್ಮೆ ಅವರಿಗೆ ಹತ್ತು ಮಕ್ಕಳ ತಾಯಿಯೊಬ್ಬಳ ಪರಿಚಯವಾಯಿತು. ಮಕ್ಕಳ ಹೊಟ್ಟೆ ತುಂಬಿಸಲು ಆಕೆ ದಿನಸಿ ಅಂಗಡಿಯ ಹಿಂದಿನ ಕಸದ ತೊಟ್ಟಿ ಹುಡುಕುತ್ತಿದ್ದಳು. ಅದರಲ್ಲಿ ತಿನ್ನಲು ಯೋಗ್ಯವಾದದ್ದೇ ಬೇಕಾದಷ್ಟು ಸಿಗುತ್ತಿತ್ತಂತೆ! ಉಳ್ಳವರು ಬೇಡದ ಆಹಾರ ಜಮೆ ಮಾಡಿ, ಇಲ್ಲದವರು ಪಡೆಯುವ ಬ್ಯಾಂಕೊಂದು ಇರಬಾರದೆ ಎಂದು ಕೇಳಿದವಳೂ ಆಕೆಯೇ. ಯಾವ ಅರ್ಥಶಾಸ್ತ್ರಜ್ಞನ ತಲೆಗೂ ಹೊಳೆಯದ ಮಾತು, ಬಿಡಿ.

ಸೇಂಟ್ ಮೇರಿ ಚರ್ಚು ಪಾಳುಬಿದ್ದ ಕಟ್ಟಡವನ್ನೂ 3,000 ಡಾಲರನ್ನೂ ಕೊಟ್ಟಿತು. ಮೊದಲ ವರ್ಷವೇ 2,75,000 ಪೌಂಡ್, ಎಂದರೆ ಸುಮಾರು 125 ಟನ್ ಆಹಾರ ಹಂಚಿಕೆಯಾಯಿತು. ಬೇರೆ ಊರಿನವರೂ ಕಲಿಯಲು ಬಂದರು. ಹೆಂಗಲ್ 2005ರಲ್ಲಿ ತೀರಿಕೊಂಡರು. ಈಗ ಅಮೆರಿಕದ ‘ಫೀಡಿಂಗ್ ಅಮೆರಿಕ’ ಜಾಲವೊಂದರಲ್ಲೇ ಇಂಥ ಸುಮಾರು 200 ಬ್ಯಾಂಕುಗಳಿವೆ. ಫೀನಿಕ್ಸ್‌ನ ಆ ಮೊದಲ ಬ್ಯಾಂಕೂ ಇನ್ನೂ ನಡೆಯುತ್ತಿದೆ.