ಸಾಕ್ಷಿಗೆ ಎಳೆದ ಕಲ್ಲು

ಧರ್ಮಗ್ರಂಥವನ್ನು ನಂಬುವವರು ನಂಬಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಆ ನಂಬಿಕೆಗೆ ಪರರ ಗುಡಿಗೋಪುರಗಳನ್ನು ಸಾಕ್ಷಿಗೆ ಎಳೆತಂದ ಮೇಲೆ, ಸಾಕ್ಷಿ ನುಡಿದದ್ದನ್ನು ಪೂರ್ತಿಯಾಗಿ ಕೇಳಲೇಬೇಕು.

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಅಚ್ಚು ಹಾಕಿಸಿದ ಮಾರ್ಮನ್ ಗ್ರಂಥದ ಪ್ರಕಾರ, ಕ್ರಿ. ಪೂ. 600ರ ಸುಮಾರಿಗೆ ಜೆರುಸಲೇಮನ್ನು ಬಿಟ್ಟ ಕುಟುಂಬವೊಂದು ಅಮೆರಿಕ ಖಂಡಕ್ಕೆ ಬಂದು ಮಹಾಜನಾಂಗಗಳಾಗಿ ಬೆಳೆಯಿತು. 1841ರಲ್ಲಿ ಜಾನ್ ಲಾಯ್ಡ್ ಸ್ಟೀಫನ್ಸ್ ಮಾಯಾ ಜನರ ಪಾಳುನಗರಗಳನ್ನು ವರ್ಣಿಸಿ ಪುಸ್ತಕ ಬರೆದ. ಮರುವರ್ಷವೇ ಮಾರ್ಮನರ ಪತ್ರಿಕೆ ಆ ಪಾಳುಗಳನ್ನು ತಮ್ಮ ಗ್ರಂಥದ ಪಟ್ಟಣಗಳಿಗೆ ಗಂಟುಹಾಕಿತು. ಇವನ್ನು ಕಟ್ಟಿದವರು ಆ ನೆಲದವರ ಪೂರ್ವಜರೇ ಎಂದು ಸ್ಟೀಫನ್ಸ್ ತೀರ್ಮಾನಿಸಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಗ್ರಂಥದಲ್ಲಿ ಕುದುರೆಯಿದೆ, ರಥವಿದೆ, ಉಕ್ಕಿದೆ, ಗೋಧಿಯಿದೆ. ಮಾಯಾ ನೆಲದಲ್ಲಿ ಸಿಕ್ಕಿರುವುದು ಮೆಕ್ಕೆಜೋಳ, ಜ್ವಾಲಾಮುಖಿಯ ಗಾಜುಗಲ್ಲಿನ ಅಲಗು, ಹೊರೆ ಹೊತ್ತ ಮನುಷ್ಯನ ಬೆನ್ನು. ಅಮೆರಿಕದ ಪ್ರಾಚೀನ ಕುದುರೆ ಸಾವಿರಾರು ವರ್ಷಗಳ ಹಿಂದೆಯೇ ಅಳಿದಿತ್ತು. ಮತ್ತೆ ಬಂದದ್ದು ಸ್ಪೇನಿನವರ ಹಡಗಿನಲ್ಲಿ. ಕುದುರೆಯೆಂದರೆ ಜಿಂಕೆಯೋ ಟೇಪಿರ್ ಎಂಬ ಕಾಡುಪ್ರಾಣಿಯೋ ಇರಬಹುದೆಂದು ಕೆಲವು ಸಮರ್ಥಕರ ವಾದ. ಪದದ ಅರ್ಥವನ್ನು ಇಷ್ಟು ಹಿಗ್ಗಿಸಿದರೆ ಯಾವ ಗ್ರಂಥ ತಾನೇ ಸುಳ್ಳಾದೀತು?

ನೆಲವನ್ನು ಅಗೆದೇ ನೋಡೋಣವೆಂದು ಹೊರಟವನು ಮಾರ್ಮನ್ ವಕೀಲ ಥಾಮಸ್ ಸ್ಟುವರ್ಟ್ ಫರ್ಗುಸನ್. ಅವನು 1952ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಚರ್ಚೇ ಹಣ ಕೊಟ್ಟಿತು. ಮೆಕ್ಸಿಕೋದ ಚಿಯಾಪಾಸಿನಲ್ಲಿ ಅದು ನಡೆಸಿದ ಉತ್ಖನನ ಪ್ರಾಮಾಣಿಕವಾದದ್ದು. ಪ್ರತಿಪಕ್ಷದ ವಿದ್ವಾಂಸರೂ ಅದನ್ನು ಮೆಚ್ಚಿದರು. ಗ್ರಂಥದ ಗುರುತು ಮಾತ್ರ ಸಿಗಲಿಲ್ಲ. ಕೊನೆಗೆ 1970ರ ದಶಕದಲ್ಲಿ ಫರ್ಗುಸನ್ನನೇ ತನ್ನ ಪತ್ರಗಳಲ್ಲಿ ಆ ಕಥೆಗೆ ನೆಲದ ಮೇಲೆ ಠಾವಿಲ್ಲವೆಂದು ಬರೆದ. ಅಗೆಯಬೇಕಾದದ್ದು ಇನ್ನೂ ಬಹಳ ಇದೆಯೆಂಬುದು ನಿಜ. ಆದರೆ ಈವರೆಗೆ ಅಗೆದಲ್ಲೆಲ್ಲ ಒಂದೇ ಉತ್ತರ ಬಂದಿರುವಾಗ, ಅಗೆಯದ ನೆಲವನ್ನು ಪುರಾವೆಯೆನ್ನುವುದು ಯಾವ ನ್ಯಾಯ?

ಇದು ಕೇವಲ ಪಂಡಿತರ ಜಗಳವಲ್ಲ. 1952ರಲ್ಲಿ ಯೂರಿ ಕ್ನೊರೊಜೊವ್ ಮಾಯಾ ಲಿಪಿಯ ಧ್ವನಿಗಳನ್ನು ಹಿಡಿದ. 1960ರಲ್ಲಿ ತತಿಯಾನಾ ಪ್ರೊಸ್ಕೂರಿಯಾಕೋಫ್ ಶಿಲಾಶಾಸನಗಳಲ್ಲಿ ಅರಸರ ಜನನ, ಪಟ್ಟಾಭಿಷೇಕಗಳ ತೇದಿಗಳನ್ನು ತೋರಿಸಿಕೊಟ್ಟಳು. ಕಲ್ಲು ಮಾತಾಡಿತು. ಅದು ಆಡಿದ್ದು ಮಾಯಾ ನುಡಿ; ಹೇಳಿದ್ದು ಮಾಯಾ ಅರಸರ ಹೆಸರು. ಆ ಕುಲದ ನುಡಿಗಳನ್ನಾಡುವ ಲಕ್ಷಾಂತರ ಜನ ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ಇಂದಿಗೂ ಬಾಳುತ್ತಿದ್ದಾರೆ. ಸ್ಪೇನಿನವರು ಅವರ ನೆಲವನ್ನು ಕಸಿದರು, ಪುಸ್ತಕಗಳನ್ನು ಸುಟ್ಟರು. ಉಳಿದಿರುವ ಪೂರ್ವಜರನ್ನೂ ಜೆರುಸಲೇಮಿನ ಖಾತೆಗೆ ಬರೆಯುವುದು ಭಕ್ತಿಯಲ್ಲ, ಒತ್ತುವರಿ.